ಹಾಸನದ ಷೋರೂಮ್ ಸರ್ವಿಸ್: ಬಿಲ್ಲಲ್ಲಿ ಇದ್ದದ್ದು, ಕಾರಲ್ಲಿ ಇಲ್ಲದ್ದು

ಬೇಲೂರು, ಅರೇಹಳ್ಳಿ, ಸಕಲೇಶಪುರ ಕಡೆಯಿಂದ ಸರ್ವಿಸ್‌ಗೆ ಅಂತ ಹಾಸನಕ್ಕೆ ಕಾರು ತಗೊಂಡು ಹೋಗುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರು ತೊಳೆದು ಫಳಫಳ ಅಂತ ನಿಂತಿದೆ ಅಂತ ಕೀ ಇಸ್ಕೊಂಡು ಹೊರಟುಬಿಡಬೇಡಿ. ಅಲ್ಲೇ, ಅವರ ಯಾರ್ಡಿನಲ್ಲೇ ಬಾನೆಟ್ ಎತ್ತಿಸಿ, ಬಿಲ್ಲು ಕೈಯಲ್ಲಿ ಹಿಡಿದುಕೊಂಡು ಒಂದೊಂದೇ ನೋಡಿ.

ಇದು ಹಾಸನದ ಒಂದು ಅಧಿಕೃತ ಸರ್ವಿಸ್ ಸೆಂಟರ್ ಬಗ್ಗೆ. ಹೆಸರು ಬರೆಯುತ್ತಿಲ್ಲ, ಯಾವ ಕಂಪನಿಯ ಕಾರು ಅಂತಲೂ ಬೇಡ. ಬೇರೆ ಬೇರೆ ಕಂಪನಿಯ ಕಾರು ಇರುವ ನಮ್ಮ ನೆಂಟರಿಷ್ಟರು ಹೇಳುವುದೂ ಹೆಚ್ಚುಕಮ್ಮಿ ಇದೇ. ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್, ಇನ್ನೂ ವಾರಂಟಿಯಲ್ಲಿದೆ. ನಾನು ಕೆಲಸಕ್ಕೆ ಓಡಿಸುತ್ತೇನೆ, ಅಪ್ಪ ತೋಟಕ್ಕೆ ಒಯ್ಯುತ್ತಾರೆ. ಅಂದರೆ ಡಾಂಬರು ರಸ್ತೆಯಷ್ಟೇ ಮಣ್ಣು ರಸ್ತೆಯನ್ನೂ ನೋಡುವ ಕಾರು.

ಚೆನ್ನಾಗಿರುವುದನ್ನು ಮೊದಲು ಹೇಳುತ್ತೇನೆ. ಫೋನಲ್ಲಿ ಬುಕಿಂಗ್ ಸಲೀಸು. ಹೇಳಿದ ಹೊತ್ತಿಗೆ ಗಾಡಿ ಒಳಗೆ ತಗೋತಾರೆ. ಕೂರುವ ಜಾಗ ಚೊಕ್ಕಟವಾಗಿದೆ, ಒಬ್ಬಳೇ ಹೋದರೂ ಮುಜುಗರ ಆಗುವುದಿಲ್ಲ, ಮಾತಾಡುವ ರೀತಿ ಮರ್ಯಾದೆಯದ್ದು. ವಾಷಿಂಗ್ ನಿಜಕ್ಕೂ ಚೆನ್ನಾಗಿ ಮಾಡುತ್ತಾರೆ. ಕೆಂಪು ಮಣ್ಣು ಮೆತ್ತಿಕೊಂಡಿದ್ದ ವೀಲ್ ಆರ್ಚ್ ಒಳಗೂ ನೀರು ಬಿಟ್ಟಿದ್ದರು.

ಬೇಜಾರಾಗಿದ್ದು ಕೆಲಸದ ವಿಷಯಕ್ಕೆ.

ಸರ್ವಿಸ್ ಆದ ಮೇಲೂ ಎಸಿ ಹಾಕಿದರೆ ಹಳೇ ಮುಗ್ಗಲು ವಾಸನೆ ಹೋಗಿರಲಿಲ್ಲ. ಬಿಲ್ಲು ತೆಗೆದು ನೋಡಿದೆ. ಎಂಜಿನ್‌ಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರ್ ಒಂದು, ಎಸಿಯಿಂದ ಕಾರಿನ ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಒಂದು, ಎರಡಕ್ಕೂ ದುಡ್ಡು ಹಾಕಿದ್ದಾರೆ. ಹೊಸ ಫಿಲ್ಟರ್ ಹಾಕಿದ್ದರೆ ಈ ವಾಸನೆ ಯಾಕೆ? ಮ್ಯಾನ್ಯುಯಲ್ ನೋಡಿಕೊಂಡು ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸ್ ಬಿಚ್ಚಿದೆ. ಎರಡೂ ಬದಿ ಒಳಕ್ಕೆ ಒತ್ತಿದರೆ ಅದು ಕೆಳಗೆ ಇಳಿಯುತ್ತದೆ, ಹಿಂದೆ ಒಂದು ಸಣ್ಣ ಮುಚ್ಚಳ. ಫಿಲ್ಟರ್ ಎಳೆದರೆ ಮಡಿಕೆ ಮಡಿಕೆಯಲ್ಲೂ ಕೆಂಪು ಧೂಳು, ಸಿಲ್ವರ್ ಓಕ್ ಎಲೆಯ ಚೂರು, ಸತ್ತ ಹುಳ. ಬಿಳಿ ಇರಬೇಕಾದ ಕಾಗದ ಕಾಫಿಪುಡಿ ಬಣ್ಣಕ್ಕೆ ತಿರುಗಿತ್ತು. ಇದು ಒಂದೆರಡು ದಿನದಲ್ಲಿ ಆಗುವ ಕೊಳೆಯೇ ಅಲ್ಲ.

ಆಮೇಲೆ ಬಾನೆಟ್ ಎತ್ತಿ ಏರ್ ಫಿಲ್ಟರ್ ಡಬ್ಬಿ ನೋಡಿದೆ. ಅಲ್ಲೂ ಹಳೇದೇ. ಗಾಳಿ ಹೊಡೆದು ಧೂಳು ಹಾರಿಸಿ ವಾಪಸ್ ಕೂರಿಸಿದ್ದಾರೆ. ಅದಕ್ಕಿಂತ ಕೆಟ್ಟದ್ದು ಏನೆಂದರೆ, ಡಬ್ಬಿಯ ಒಂದು ಕ್ಲಿಪ್ ಹಾಕಿಯೇ ಇರಲಿಲ್ಲ. ಆ ಮೂಲೆಯಲ್ಲಿ ಉಗುರು ತೂರುವಷ್ಟು ಸಂದು. ತೋಟದ ರಸ್ತೆಯಲ್ಲಿ ಮುಂದೆ ಒಂದು ಜೀಪ್ ಹೋದರೆ ಏಳುವ ಧೂಳು ಗೊತ್ತಲ್ಲ, ಅದು ಫಿಲ್ಟರ್ ದಾಟದೇ ಆ ಸಂದಿಯಿಂದಲೇ ಎಂಜಿನ್ ಒಳಗೆ ಹೋಗುತ್ತದೆ. ಸಣ್ಣ ಮರಳು ಸಿಲಿಂಡರ್ ಗೋಡೆ, ಪಿಸ್ಟನ್ ರಿಂಗ್ ಎರಡನ್ನೂ ಉಜ್ಜಿ ಸವೆಸುತ್ತದೆ. ಇವತ್ತೇ ಏನೂ ಗೊತ್ತಾಗುವುದಿಲ್ಲ. ಕೆಲವು ವರ್ಷ ಬಿಟ್ಟು ಎಂಜಿನ್ ಆಯಿಲ್ ಕುಡಿಯಲು ಶುರುಮಾಡಿದಾಗ ಯಾರನ್ನು ಕೇಳುವುದು?

ಬಾನೆಟ್ ಎತ್ತಿದ್ದಕ್ಕೆ ಆಯಿಲ್ ಕಡ್ಡಿಯನ್ನೂ ಎಳೆದು ನೋಡಿದೆ. ಮೇಲಿನ ಗುರುತು ದಾಟಿ ಆಯಿಲ್ ನಿಂತಿತ್ತು. ಜಾಸ್ತಿ ಆಯಿಲ್ ಇದ್ದರೆ ಒಳ್ಳೇದೇ ಅಲ್ವಾ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಮಟ್ಟ ತೀರಾ ಮೇಲೆ ಬಂದರೆ ಎಂಜಿನ್ ಕೆಳಭಾಗದಲ್ಲಿ ತಿರುಗುವ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್, ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಆಯಿಲ್‌ನಿಂದ ಬೇರಿಂಗ್‌ಗೆ ಸರಿಯಾಗಿ ಜಾರಿಕೆ ಸಿಗುವುದಿಲ್ಲ, ಸೀಲ್‌ಗಳ ಮೇಲೂ ಒತ್ತಡ ಬೀಳುತ್ತದೆ. ನೋಡುವ ಕ್ರಮ ಸುಲಭ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಡಿ, ಆಯಿಲ್ ಕೆಳಗಿಳಿಯಲಿ. ಕಡ್ಡಿ ಎಳೆದು ಒರೆಸಿ, ಮತ್ತೆ ಪೂರ್ತಿ ಅದ್ದಿ ಎಳೆಯಿರಿ. ಎರಡು ಗುರುತಿನ ನಡುವೆ ಇರಬೇಕು, ಅಷ್ಟೇ.

ಮಾರನೇ ದಿನ ಹಳೇ ಫಿಲ್ಟರ್ ಎರಡನ್ನೂ ಪ್ಲಾಸ್ಟಿಕ್ ಕವರಲ್ಲಿ ಹಾಕಿಕೊಂಡು ವಾಪಸ್ ಹೋದೆ. ಗಾಡಿ ತಗೊಂಡು ಬಿಲ್ ಮಾಡುವ ಸರ್ವಿಸ್ ಅಡ್ವೈಸರ್ ಮೊದಲು ಕಂಪ್ಯೂಟರ್ ನೋಡಿ, "ಚೇಂಜ್ ಆಗಿದೆ ಮೇಡಂ, ಸಿಸ್ಟಮ್‌ನಲ್ಲಿ ತೋರಿಸ್ತಿದೆ" ಅಂದರು. "ಸಿಸ್ಟಮ್ ಬಿಡಿ ಸರ್, ಇದನ್ನು ನೋಡಿ" ಅಂತ ಕವರ್ ಮೇಜಿನ ಮೇಲಿಟ್ಟೆ. ಅಲ್ಲಿಂದಾಚೆ ಜಾಸ್ತಿ ವಾದ ಆಗಲಿಲ್ಲ. ಮ್ಯಾನೇಜರ್ ಬಂದು ಕ್ಷಮೆ ಕೇಳಿದರು. ನನ್ನ ಎದುರಿಗೇ ಹೊಸ ಫಿಲ್ಟರ್‌ಗಳ ಪ್ಯಾಕ್ ಬಿಚ್ಚಿ ಕಾರಿಗೆ ಕೂರಿಸಿದರು, ಜಾಸ್ತಿ ಇದ್ದ ಆಯಿಲ್ ತೆಗೆದರು. ಇಷ್ಟನ್ನು ಅವರ ಪರವಾಗಿ ಹೇಳಲೇಬೇಕು. ಆದರೆ ನಾನು ಗ್ಲೋವ್ ಬಾಕ್ಸ್ ಬಿಚ್ಚದೇ ಇದ್ದಿದ್ದರೆ?

ಅಲ್ಲಿ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರು ಮೆಲ್ಲಗೆ ಹೇಳಿದರು: "ಸಂಜೆ ಒಳಗೆ ಗಾಡಿಗಳೆಲ್ಲ ಆಚೆ ಹೋಗಬೇಕಮ್ಮ, ಹುಡುಗ್ರು ಹೊಸಬರು, ಅವಸರದಲ್ಲಿ ಬಿಟ್ಟುಬಿಡ್ತಾರೆ." ಅವರ ಮಾತು ನಂಬುತ್ತೇನೆ. ಎಲ್ಲರೂ ಕಳ್ಳರು ಅಂತ ನನಗೆ ಅನಿಸುವುದಿಲ್ಲ. ಆದರೆ ಮಾಡದ ಕೆಲಸಕ್ಕೆ ಟಿಕ್ ಹಾಕಿ ಬಿಲ್ ಮಾಡಿದರೆ ಅದನ್ನು ಬರೀ ಅವಸರ ಅಂತ ಬಿಡಲೂ ಆಗುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಅಪಾಯದ್ದು. ಹಗರೆ ಹತ್ತಿರ ಟೈರ್ ಪಂಕ್ಚರ್ ಆಯ್ತು. ಕಾರಿನ ಜೊತೆ ಕೊಟ್ಟಿರುವ ಸ್ಪ್ಯಾನರ್‌ನಲ್ಲಿ ವೀಲ್ ನಟ್ ಅಲುಗಾಡಲೇ ಇಲ್ಲ. ಅಪ್ಪ ಕಾಲಿಟ್ಟು ತುಳಿದರೂ ಇಲ್ಲ. ದಾರಿಯಲ್ಲಿ ನಿಲ್ಲಿಸಿದ ಲಾರಿ ಡ್ರೈವರ್ ಅಣ್ಣ ಒಬ್ಬರು ಉದ್ದದ ಪೈಪ್ ಸಿಕ್ಕಿಸಿ ಬಿಚ್ಚಿಕೊಟ್ಟರು. ಗಾಳಿ ಗನ್ನಿನಲ್ಲಿ ಬಿಗಿದು ಹಾಗೇ ಬಿಟ್ಟರೆ ಆಗುವುದೇ ಹೀಗೆ. ವೀಲ್ ನಟ್‌ಗೆ ಎಷ್ಟು ಬಿಗಿ ಇರಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಬರೆದಿರುತ್ತಾರೆ, ಸಣ್ಣ ಕಾರುಗಳಿಗೆ ಸುಮಾರು 100ರ ಆಸುಪಾಸು. ಕೊನೆಯ ಬಿಗಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲೇ ಆಗಬೇಕು. ಹೆಚ್ಚಾದರೆ ಬೋಲ್ಟಿನ ಥ್ರೆಡ್ ಹಾಳಾಗುತ್ತದೆ, ಕಮ್ಮಿಯಾದರೆ ಚಕ್ರವೇ ಸಡಿಲ. ರಾತ್ರಿ ಹೊತ್ತು ಶಿರಾಡಿ ಘಾಟಿಯಲ್ಲೋ ಚಾರ್ಮಾಡಿಯಲ್ಲೋ ಹೀಗಾಗಿದ್ದರೆ ಏನು ಗತಿ?

ಘಾಟಿ ಅಂದಾಗ ಬ್ರೇಕ್ ಫ್ಲೂಯಿಡ್, ಅಂದರೆ ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ದ್ರವದ ವಿಷಯ ಹೇಳಲೇಬೇಕು. ಸರ್ವಿಸ್‌ಗೆ ಬಿಟ್ಟಾಗ ಎಂಜಿನ್ ಒಳಗಿನ ಮಸಿ ತೆಗೆಯುವ ಡಿಕಾರ್ಬನೈಸಿಂಗ್ ಮಾಡಿಸಿ, ಎಸಿ ಡಿಸಿನ್ಫೆಕ್ಷನ್ ಮಾಡಿಸಿ, ಕಾರಿನ ಮೈಗೆ ಟೆಫ್ಲಾನ್ ಕೋಟಿಂಗ್ ಮಾಡಿಸಿ ಅಂತ ಒಂದರ ಹಿಂದೆ ಒಂದು ಹೇಳಿದರು. ಇವು ಯಾವುವೂ ನಮ್ಮ ಮ್ಯಾನ್ಯುಯಲ್‌ನ ಸರ್ವಿಸ್ ಪಟ್ಟಿಯಲ್ಲಿ ಇಲ್ಲ. ಆದರೆ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಪಟ್ಟಿಯಲ್ಲೇ ಇರುವ ಬ್ರೇಕ್ ಫ್ಲೂಯಿಡ್ ಕೇಳಿದರೆ, "ಮುಂದಿನ ಸಲ ನೋಡೋಣ ಮೇಡಂ" ಅಂದರು. ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಅನ್ನುವ ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಮಾನದಂಡ, ತೇವ ಹೀರಿದ ಮೇಲೆ ಅದೇ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಇಳಿಜಾರಿನಲ್ಲಿ ಒಂದೇ ಸಮ ಬ್ರೇಕ್ ತುಳಿದರೆ ಬಿಸಿಯೇರಿ ಫ್ಲೂಯಿಡ್ ಕುದಿಯುತ್ತದೆ, ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ಒತ್ತಿದರೆ ಸುಮ್ನೆ ಕೆಳಗೆ ಹೋಗುತ್ತದೆ. ಮಲೆನಾಡಿನ ಮಳೆಯಲ್ಲಿ, ಘಾಟಿ ಇಳಿಯುವ ಊರಿನಲ್ಲಿ ಇದನ್ನು ಮುಂದಕ್ಕೆ ಹಾಕಿ ಕಾರಿನ ಮೈಗೆ ಪಾಲಿಶ್ ಮಾರುತ್ತಾರೆ ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಹಾಗಾದರೆ ಎಲ್ಲ ನಾವೇ ಮಾಡಿಕೊಳ್ಳೋದಾ? ಎಲ್ಲ ಬೇಡ, ಆದರೆ ಎಷ್ಟೋ ಕೆಲಸ ಮನೆ ಅಂಗಳದಲ್ಲೇ ಆಗುತ್ತದೆ. ಏರ್ ಫಿಲ್ಟರ್, ಕ್ಯಾಬಿನ್ ಫಿಲ್ಟರ್, ವೈಪರ್ ಬ್ಲೇಡ್, ಗ್ಲಾಸ್ ತೊಳೆಯುವ ನೀರು, ಟೈರ್ ಗಾಳಿ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹಿಟ್ಟು ಕಟ್ಟಿದ್ದರೆ ಮೊದಲು ಮೈನಸ್ ವೈರ್ ಬಿಚ್ಚಿ, ಆಮೇಲೆ ಪ್ಲಸ್, ಒರೆಸಿ, ಹಾಕುವಾಗ ಮೊದಲು ಪ್ಲಸ್. ನಮ್ಮ ಕಡೆ ಇನ್ನೊಂದು ಕೆಲಸ ಕಡ್ಡಾಯ: ಮುಂದಿನ ಗಾಜಿನ ಕೆಳಗೆ ವೈಪರ್ ಪಕ್ಕ ಸೇರುವ ಎಲೆ ತೆಗೆಯುವುದು. ನೀರು ಹೋಗುವ ತೂತು ಅಲ್ಲೇ ಇರುತ್ತದೆ. ಅದು ಕಟ್ಟಿದರೆ ಮಳೆಗಾಲದಲ್ಲಿ ನೀರು ಕಾರಿನ ಒಳಗೆ ಬರಬಹುದು. ತೋಟದ ಮನೆ ಶೆಡ್ಡಿನಲ್ಲಿ ನಿಲ್ಲಿಸುವವರು ಆಗಾಗ ಬಾನೆಟ್ ಎತ್ತಿ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಿ.

ಎಂಜಿನ್ ಆಯಿಲ್ ಬದಲಿಸುವುದೂ ಕಷ್ಟದ ವಿದ್ಯೆಯಲ್ಲ. ಆದರೆ ಕಾರಿನ ಕೆಳಗೆ ಹೋಗಬೇಕು. ಬರೀ ಜಾಕ್ ನಂಬಿ ಕೆಳಗೆ ತೂರಲೇಬೇಡಿ, ಗಟ್ಟಿ ನೆಲದ ಮೇಲೆ ಕಾರಿನ ಭಾರ ಹೊರುವ ಆಕ್ಸಲ್ ಸ್ಟ್ಯಾಂಡ್ ಇಟ್ಟು ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟ ಮೇಲೆಯೇ. ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿ, ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಆಯಿಲನ್ನೇ ಹಾಕಿ. ಹಳೇ ಆಯಿಲ್ ಚರಂಡಿಗೋ ತೋಟದ ಮಣ್ಣಿಗೋ ಸುರಿಯಬೇಡಿ. ನಮ್ಮ ತೋಟದ ನೀರೆಲ್ಲ ಕೊನೆಗೆ ಹೇಮಾವತಿಗೋ ಯಗಚಿಗೋ ಸೇರುವುದು. ಕ್ಯಾನಿಗೆ ತುಂಬಿ ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಬ್ರೇಕ್ ಬಿಚ್ಚುವುದು, ಏರ್‌ಬ್ಯಾಗ್ ವೈರಿಂಗ್, ಎಸಿ ಗ್ಯಾಸ್, ಸಾಫ್ಟ್‌ವೇರ್, ದೋಷ ಇದೆ ಅಂತ ಕಂಪನಿಯೇ ವಾಪಸ್ ಕರೆದ (ರೀಕಾಲ್) ಭಾಗ, ಇವನ್ನು ಗೊತ್ತಿರುವವರಿಗೇ ಬಿಡಿ.

ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆ ಅಂತ ಹೆದರಿಸುವುದು ಹಳೇ ಕಥೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ಥರದ ವಿಷಯಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತ್ತು. ಬಿಡಿಭಾಗ, ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜಿಗೂ ಸಿಗಬೇಕು, ಬರೀ ಹೊರಗೆ ಕೆಲಸ ಮಾಡಿಸಿದರು ಅನ್ನುವ ಕಾರಣಕ್ಕೆ ವಾರಂಟಿ ತೆಗೆಯಬಾರದು ಅಂತಲೂ ಹೇಳಿತ್ತು. ಕಂಪನಿಗಳು ಅದರ ವಿರುದ್ಧ ಮೇಲ್ಮನವಿಗೂ ಹೋದವು. ಹಾಗಾಗಿ ಕಾಗದದಲ್ಲಿ ನಮ್ಮ ಪರ ಇದೆ ಅಂತ ಧೈರ್ಯ ಮಾಡಿ ವಾರಂಟಿ ಇರುವಾಗಲೇ ಪಟ್ಟಿಯ ಸರ್ವಿಸ್ ತಪ್ಪಿಸಿ ಅಂತ ನಾನು ಹೇಳುವುದಿಲ್ಲ. ಗೇರ್‌ಬಾಕ್ಸ್ ಕೈಕೊಟ್ಟರೆ ಮೊದಲು ಕೇಳುವುದೇ ಸರ್ವಿಸ್ ಹಿಸ್ಟರಿ. ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಇಡಿ. ಫಿಲ್ಟರ್ ನೀವೇ ತಂದು ಹಾಕಿದರೂ ಅದರ ಬಿಲ್ಲು ಇರಲಿ.

ಮುಂದಿನ ಸಲ ಇವರ ಹತ್ತಿರವೇ ಹೋಗುವವರು ಗಾಡಿ ಬಿಡುವಾಗ ಕೆಲಸದ ಪಟ್ಟಿ ಬರೆಯುವ ಜಾಬ್ ಕಾರ್ಡ್ ಮೇಲೆ "ತೆಗೆದ ಹಳೇ ಭಾಗ ವಾಪಸ್ ಬೇಕು" ಅಂತ ಬರೆಸಿ. ಇದೊಂದು ಮಾತಿಗೇ ಅರ್ಧ ಕೆಲಸ ಸರಿಯಾಗುತ್ತದೆ. ಗಾಡಿ ಬಿಡುವ ಮೊದಲೇ ಹಳೇ ಫಿಲ್ಟರ್ ಅಂಚಿನಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ, ಬದಲಿಸಿದ್ದಾರಾ ಇಲ್ಲವಾ ಅಂತ ಗೊತ್ತಾಗುತ್ತದೆ. ನಿಮ್ಮನ್ನು ಕೇಳದೇ ಹೊಸ ಕೆಲಸ ಸೇರಿಸಬಾರದು ಅಂತ ಎಸ್ಟಿಮೇಟ್ ಮೇಲೆ ಸಹಿ ಹಾಕುವಾಗಲೇ ಹೇಳಿ. ಬಿಲ್ಲಿನಲ್ಲಿ ತೆರಿಗೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆ ಜಿಎಸ್‌ಟಿ 18% ಆಗಿದೆ, ಮೊದಲು ಎಷ್ಟೋ ಭಾಗಕ್ಕೆ 28% ಇತ್ತು. ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಫೋಟೋ, ಬಿಲ್ಲು ಇಟ್ಟುಕೊಂಡೇ ಫೋನ್ ಮಾಡಿ.

ಈ ಸೆಂಟರ್‌ಗೆ ನನ್ನ ಲೆಕ್ಕದಲ್ಲಿ ಐದಕ್ಕೆ ಎರಡು. ಎರಡೂ ಮಾತಾಡುವ ರೀತಿಗೆ ಮತ್ತು ತಪ್ಪು ತೋರಿಸಿದ ಮೇಲೆ ಸರಿಮಾಡಿದ್ದಕ್ಕೆ. ವಾರಂಟಿ ಮುಗಿಯುವವರೆಗೆ ಅಲ್ಲೇ ಹೋಗುತ್ತೇನೆ. ಪ್ರೀಪೇಯ್ಡ್ ಸರ್ವಿಸ್ ಪ್ಯಾಕೇಜ್ ತಗೊಳ್ಳಿ ಅಂತ ಈಗಲೂ ಫೋನ್ ಬರುತ್ತಿದೆ, ಅದನ್ನು ತಗೊಳ್ಳುವುದಿಲ್ಲ. ಬ್ರೇಕ್ ಫ್ಲೂಯಿಡ್ ಮಾತ್ರ ಮುಂದಿನ ಸರ್ವಿಸ್‌ವರೆಗೆ ಕಾಯಲಿಲ್ಲ, ಮಳೆ ಶುರುವಾಗುವ ಮೊದಲೇ ಹಟ ಹಿಡಿದು ಅವರಿಂದಲೇ ಬದಲಿಸಿಕೊಂಡೆ, ಪಕ್ಕದಲ್ಲೇ ನಿಂತು.