ವಿಕ್ರಮಾದಿತ್ಯದ ಮಾದರಿಗೆ ಕಾಗದವೋ, ಕಿಟ್ಟೋ, ಸನ್‌ಬೋರ್ಡೋ?

ಕಾರವಾರದ ಹವೆಯಲ್ಲಿ ವಿಮಾನವಾಹಕ ನೌಕೆಯ ಮಾದರಿ ಮಾಡಲು ಹೊರಟವರಿಗೆ ನಾನು ಸೂಚಿಸುವುದು ಸನ್‌ಬೋರ್ಡನ್ನೇ. ನಾಮಫಲಕ ಮಾಡುವ ಅಂಗಡಿಗಳಲ್ಲಿ ಅಕ್ಷರ ಕತ್ತರಿಸಲು ಬಳಸುವ ಪಿವಿಸಿ ಫೋಮಿನ ಬಿಳಿ ಹಾಳೆ ಅದು. ಎರಡು ವರ್ಷ ಕಾಗದದೊಂದಿಗೆ ಹೆಣಗಿ, ಮುಕ್ಕಾಲು ಭಾಗ ಮುಗಿದಿದ್ದ ಹಡಗನ್ನು ಒಂದೇ ಮಳೆಗಾಲದಲ್ಲಿ ಕಳೆದುಕೊಂಡ ಮೇಲೆ ನಾನು ಅದನ್ನು ಕೈಗೆತ್ತಿಕೊಂಡೆ.

ಮಾಡಬೇಕೆಂದುಕೊಂಡದ್ದು ಐಎನ್‌ಎಸ್ ವಿಕ್ರಮಾದಿತ್ಯವನ್ನು. 2013ರ ನವೆಂಬರ್‌ನಲ್ಲಿ ರಷ್ಯಾದ ಸೆವೆರೊದ್ವಿನ್ಸ್ಕ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿ, 2014ರ ಜನವರಿಯಲ್ಲಿ ಕಾರವಾರ ತಲುಪಿದ ಈ ಹಡಗು ನಮ್ಮೂರಿನವರಿಗೆ ಪರಕೀಯವಲ್ಲ. ಅದರ ಉದ್ದ 284 ಮೀಟರ್, ಅಗಲ ಸುಮಾರು 60 ಮೀಟರ್. 400ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದರೆ 71 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ ಬರುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಕ್ಷಿಪಣಿ ದೋಣಿ ಚಾಪೆಲ್ ಇದೇ ಅಳತೆಯಲ್ಲಿ ಹತ್ತು ಸೆಂಟಿಮೀಟರ್ ಕೂಡ ಆಗುವುದಿಲ್ಲ. ಅದನ್ನೂ ಮಾಡಿ ಪಕ್ಕದಲ್ಲಿಟ್ಟಿದ್ದೇನೆ, ನೋಡಲು ಬಂದವರಿಗೆ ದೊಡ್ಡ ಹಡಗಿನ ಗಾತ್ರವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಪ್ಲಾಸ್ಟಿಕ್ ಕಿಟ್ಟಿನ, ಅಂದರೆ ಅಚ್ಚು ಹಾಕಿದ ಬಿಡಿಭಾಗಗಳನ್ನು ಜೋಡಿಸುವ ಪೆಟ್ಟಿಗೆಯ, ಮಾತನ್ನು ಬೇಗ ಮುಗಿಸುತ್ತೇನೆ. ಮುಂಭಾಗ ಮೇಲಕ್ಕೆ ಬಾಗಿರುವುದನ್ನು ಕಂಡು ರಷ್ಯಾದ ವಿಮಾನವಾಹಕ ನೌಕೆ ಕುಜ್ನೆತ್ಸೋವ್‌ನ ಕಿಟ್ ತಂದರೆ ಸಾಕೆಂದು ಅನೇಕರು ತಿಳಿಯುತ್ತಾರೆ. ನಾನೂ 700ರಲ್ಲಿ ಒಂದು ಪಾಲಿನ ಅಂಥದ್ದೊಂದನ್ನು ಐದು ಸಾವಿರಕ್ಕೂ ಹೆಚ್ಚು ರೂಪಾಯಿ ಕೊಟ್ಟು ತರಿಸಿದ್ದೆ. ಅಚ್ಚಿನ ಕೆಲಸ ಅಚ್ಚುಕಟ್ಟಾಗಿತ್ತು, ಆದರೆ ಹಡಗು ಬೇರೆ. ವಿಕ್ರಮಾದಿತ್ಯ ಮೂಲತಃ ಸೋವಿಯತ್ ನೌಕಾಪಡೆಯ ಕೀವ್ ವರ್ಗದ ಬಾಕು ಎಂಬ ಹಡಗು. ಅದರ ಮುಂದಿನ ಅಟ್ಟದ (ಡೆಕ್) ಮೇಲಿದ್ದ 12 ಕ್ಷಿಪಣಿಗಳ ಕೊಳವೆಗಳನ್ನು ಕಿತ್ತು, ಆ ಜಾಗದಲ್ಲಿ ಮಿಗ್-29ಕೆ ಯುದ್ಧವಿಮಾನ ಹಾರಲು ಮೇಲಕ್ಕೆ ಬಾಗಿದ ಏರನ್ನು ಕಟ್ಟಿದರು. ಆದ್ದರಿಂದ ಬಾಕುವಿನ ಕಿಟ್ಟೇ ಸಿಕ್ಕಿದರೂ ಮುಂದಿನ ಅರ್ಧವನ್ನು ನಾವೇ ಕಟ್ಟಬೇಕು. ಅಷ್ಟು ಕೆಲಸ ಹೇಗೂ ನಮ್ಮ ಪಾಲಿಗೇ ಬರುವುದಾದರೆ ಅಷ್ಟು ಹಣ ಏಕೆ?

ಕಾಗದದ ಕಥೆ ದೀರ್ಘವಾದದ್ದು. ಒಬ್ಬ ಹವ್ಯಾಸಿ ಬಿಡಿಸಿದ ನಕ್ಷೆಯ ಫೈಲನ್ನು ಹಣ ಕೊಟ್ಟು ಕೊಂಡು, ದಪ್ಪ ಕಾಗದದ ಮೇಲೆ ಮುದ್ರಿಸಿಕೊಂಡೆ. ಒಳಗೆ ರಟ್ಟಿನ ಅಡ್ಡ-ಉದ್ದ ಪಟ್ಟಿಗಳ ಚೌಕಟ್ಟು, ಅದರ ಮೇಲೆ ಮೂರು ತುಂಡುಗಳಾಗಿ ಬಂದ ಹಾರಾಟದ ಅಟ್ಟ. ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಮೇಲ್ಮೈಗೆ ವಾರ್ನಿಷ್ ಕೂಡ ಬಳಿದೆ. ಜೂನ್ ಎರಡನೆಯ ವಾರ ಅಟ್ಟದ ಮೇಲೆ ಬೆರಳಾಡಿಸಿದಾಗ ಸಣ್ಣ ಉಬ್ಬುತಗ್ಗು ತಾಗಿತು. ಜುಲೈ ಹೊತ್ತಿಗೆ ದೀಪವನ್ನು ಪಕ್ಕದಿಂದ ಹಿಡಿದರೆ ಒಳಗಿನ ಒಂದೊಂದು ಪಟ್ಟಿಯೂ, ಬಡಕಲು ದನದ ಪಕ್ಕೆಲುಬಿನ ಹಾಗೆ, ಎಣಿಸುವಂತೆ ಕಾಣುತ್ತಿತ್ತು. ತುಂಡುಗಳ ಸೇರುವೆ ಬಿಟ್ಟುಕೊಂಡಿತು, 14 ಡಿಗ್ರಿಯಷ್ಟು ಏರಬೇಕಾದ ಮುಂಭಾಗ ಜೋತುಬಿತ್ತು.

ಮೊದಲು ಫೆವಿಕಾಲನ್ನು ದೂರಿದೆ, ಆಮೇಲೆ ಕಾಗದದ ದಪ್ಪವನ್ನು. ನಿಜವಾದ ಕಾರಣ ತಿಳಿದದ್ದು ಕೆಟ್ಟ ಹಾಳೆಯೊಂದನ್ನು ಎರಡು ದಿಕ್ಕಿನಲ್ಲಿ ಪಟ್ಟಿಗಳಾಗಿ ಕತ್ತರಿಸಿ, ಒದ್ದೆ ಬಟ್ಟೆಯ ಮೇಲಿಟ್ಟು ಅಳೆದಾಗ. ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ತೇವ ಹೀರಿದಾಗ ಹಾಳೆ ನಾರಿನ ಉದ್ದಕ್ಕೆ ಹಿಗ್ಗುವುದಕ್ಕಿಂತ ಅಡ್ಡಕ್ಕೆ ಹಿಗ್ಗುವುದು ಬಹಳ ಹೆಚ್ಚು. ನನ್ನ ಅಟ್ಟದ ಹಾಳೆಗಳಲ್ಲಿ ಆ ಅಡ್ಡ ದಿಕ್ಕು ಹಡಗಿನ ಉದ್ದಕ್ಕೇ ಬಂದಿತ್ತು, ಹಾಗಾಗಿ ಪಟ್ಟಿಗೆ ಅಂಟಿದ್ದಲ್ಲಿ ತಡೆದು ನಡುವೆ ಉಬ್ಬಿತು. ವಾರ್ನಿಷನ್ನು ಮೇಲೆ ಮಾತ್ರ ಬಳಿದದ್ದು ಇನ್ನೊಂದು ತಪ್ಪು: ಮೇಲ್ಮೈ ತೇವವನ್ನು ತಡೆಯಿತು, ಒಳಮೈ ಹೀರುತ್ತಲೇ ಹೋಯಿತು, ಹಾಳೆ ಸುರುಳಿಗೊಂಡಿತು. ಎರಡೂ ಬದಿಗೆ, ಅಂಟಿಸುವ ಮೊದಲೇ ಬಳಿಯಬೇಕಿತ್ತು. ಹಾಗೆ ಮಾಡಿದ್ದರೂ ಕತ್ತರಿಸಿದ ಅಂಚುಗಳಿಂದ ತೇವ ಹೋಗುತ್ತದೆ; ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲವಾದರೂ ಹಪ್ಪಳ ಮೆತ್ತಗಾಗುವ ಗಾಳಿ ನಮ್ಮದು. ಆಗಸ್ಟ್‌ನಲ್ಲಿ ಚೌಕಟ್ಟಿನ ರಟ್ಟಿಗೆ ಬೂಷ್ಟು ಹಿಡಿದಾಗ ಅದನ್ನು ಬಿಚ್ಚಿ ಎಸೆದೆ. ಆ ದಿನದ ಬೇಸರ ಇನ್ನೂ ಹೋಗಿಲ್ಲ.

ಮರವನ್ನೂ ಯೋಚಿಸಬಹುದು: ಶಿವನೆ ಮರ ಹಗುರ, ಚೆನ್ನಾಗಿ ಒಣಗಿದ್ದರೆ ಸುಲಭಕ್ಕೆ ಸೊಟ್ಟಗಾಗದು. ಉಳಿ ಹಿಡಿಯುವ ಅಭ್ಯಾಸ ಇರುವವರಿಗೆ ಅದು ಒಳ್ಳೆಯದು, ನನಗಿಲ್ಲ.

ಸನ್‌ಬೋರ್ಡ್ ನೀರು ಹೀರುವುದಿಲ್ಲ, ಅದೊಂದೇ ಗುಣ ನನಗೆ ಉಳಿದೆಲ್ಲಕ್ಕಿಂತ ದೊಡ್ಡದು. 71 ಸೆಂಟಿಮೀಟರಿನ ಅಟ್ಟವನ್ನು ಒಂದೇ ತುಂಡಾಗಿ ಕತ್ತರಿಸಿದೆ, ಸೇರುವೆಯ ಪ್ರಶ್ನೆಯೇ ಇಲ್ಲ. ಮುಂಭಾಗದ ಏರಿಗೆ ಮರದ ಪಟ್ಟಿಯೊಂದನ್ನು ಬೇಕಾದ ಬಾಗಿಗೆ ಉಜ್ಜಿ, ಹಾಳೆಯ ತುದಿಯನ್ನು ಕುದಿನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ಮೆತ್ತಗಾದ ಕೂಡಲೇ ಪಟ್ಟಿಯ ಮೇಲೆ ಒತ್ತಿ ಹಿಡಿದು ತಣ್ಣೀರು ಸುರಿದೆ. ಕೈ ಬಿಟ್ಟಾಗ ಬಾಗು ಹಾಗೆಯೇ ನಿಂತಿತ್ತು, ಎರಡು ಮಳೆಗಾಲ ಕಳೆದ ಮೇಲೂ ನಿಂತಿದೆ.

ಅದಕ್ಕೂ ತೊಂದರೆಗಳಿವೆ. ಕತ್ತರಿಸಿದ ಅಂಚಿನಲ್ಲಿ ಫೋಮಿನ ಸಣ್ಣ ರಂಧ್ರಗಳು ಕಾಣುತ್ತವೆ. ಪುಟ್ಟಿ ತುಂಬಿ, ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಉಜ್ಜದೆ ಬಣ್ಣ ಬಳಿದರೆ ಹಡಗಿನ ಅಂಚು ಹುಳ ತಿಂದಂತೆ ತೋರುತ್ತದೆ. ಮಳೆಗಾಲದಲ್ಲಿ ಫೆವಿಕ್ವಿಕ್ ಹಾಕಿದ ಜಾಗದ ಸುತ್ತ ಬಿಳಿ ಪುಡಿಯಂಥ ಮಂಕು ಕೂರುತ್ತದೆ, ಸ್ಪ್ರೇ ಬಣ್ಣವೂ ಆ ಹವೆಯಲ್ಲಿ ಬೆಳ್ಳಗಾಗುತ್ತದೆ. ಹಾಗಾಗಿ ಆ ನಾಲ್ಕು ತಿಂಗಳು ಅಕ್ರಿಲಿಕ್ ಬಣ್ಣವನ್ನು ಕುಂಚದಿಂದಲೇ ಬಳಿಯುತ್ತೇನೆ.

ವಿಮಾನಗಳ ವಿಷಯದಲ್ಲಿ ಮಾತ್ರ ಕಾಗದವೇ ಮೇಲು. 17 ಮೀಟರಿನ ಮಿಗ್-29ಕೆ ಈ ಅಳತೆಯಲ್ಲಿ ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಅದರ ಜೋಡಿ ಬಾಲರೆಕ್ಕೆಗಳ ತೆಳುವು ಸನ್‌ಬೋರ್ಡಿನಲ್ಲಿ ಬರುವುದೇ ಇಲ್ಲ. ಕಾಗದದಲ್ಲಿ ಮಡಿಸಿ, ತೆಳು ಫೆವಿಕ್ವಿಕ್ ಹೀರಿಸಿದರೆ ಅದು ಗಟ್ಟಿಯಾಗಿ, ತೇವಕ್ಕೂ ಬಗ್ಗದು. ಅಟ್ಟದ ಹಿಂಭಾಗದಲ್ಲಿ ಇಳಿಯುವ ವಿಮಾನವನ್ನು ಹಿಡಿದು ನಿಲ್ಲಿಸುವ ಮೂರು ತಂತಿಗಳಿಗೆ ಹಳೆಯ ಇಯರ್‌ಫೋನಿನ ತಾಮ್ರದ ಎಳೆ ಸಾಕಾಯಿತು.

ನನಗೆ ಬೇರೆ ಕೋಣೆಯಿಲ್ಲ, ಊಟದ ಮೇಜಿನ ಮೇಲೆ ರಾತ್ರಿ ಒಂದು ಗಂಟೆ ಮಾತ್ರ ಸಿಗುತ್ತದೆ, ಬಿಡುವು ಹೆಚ್ಚಿರುವುದೂ ಮಳೆಗಾಲದಲ್ಲೇ. ನಾಮಫಲಕದ ಅಂಗಡಿಯ ಉಳಿಕೆ ತುಂಡುಗಳಿಗೆ 200 ರೂಪಾಯಿ, ಬಣ್ಣ, ಪುಟ್ಟಿ, ಅಂಟು ಎಲ್ಲ ಸೇರಿ ಈವರೆಗೆ 1,500 ರೂಪಾಯಿ ದಾಟಿಲ್ಲ. ಘಟ್ಟದ ಮೇಲಿನ ಒಣ ಊರಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಇಡುವವರು ಕಾಗದವನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ನಾನು ಮುಂದಿನ ಹಡಗಿಗೂ, ಅಂದರೆ 262 ಮೀಟರಿನ ಹೊಸ ವಿಕ್ರಾಂತಕ್ಕೂ, 3 ಮಿಲಿಮೀಟರಿನ ಸನ್‌ಬೋರ್ಡನ್ನೇ ತಂದಿಟ್ಟಿದ್ದೇನೆ.