ಆ ಕೆಂಪು ಗಾಲ್ಫ್ ಚೀಲ ನಿಮಗೂ ಕಂಡರೆ

ಮೊನ್ನೆ ರಾತ್ರಿ ಊಟ ಮುಗಿಸಿ ಮೊಬೈಲ್ ನೋಡುತ್ತಿದ್ದಾಗ, ಹಳೆಯ ಸಾಮಾನು ಮಾರುವ ಜಾಲತಾಣದಲ್ಲಿ ಆ ಕೆಂಪು ಚೀಲ ಮತ್ತೆ ಕಂಡಿತು. ಅದೇ ಮೊಸಾಯಿಕ್ ನೆಲ, ಅದೇ ಬೆತ್ತದ ಕುರ್ಚಿ, ಕುರ್ಚಿಗೆ ಒರಗಿಸಿದ ಅದೇ ಗಾಲ್ಫ್ ಚೀಲ. ಕೆಳಗೆ ಅದೇ ಒಕ್ಕಣೆ: ವರ್ಗಾವಣೆಯಾಗಿದೆ, ತುರ್ತಾಗಿ ಮಾರಬೇಕು, ಪೂರ್ತಿ ಸೆಟ್. ನನಗೆ 36,000 ರೂಪಾಯಿಗೆ ಮಾರಿದ್ದನ್ನು ಈಗ 28,000ಕ್ಕೆ ಇಳಿಸಿದ್ದಾನೆ. ವಿಚಿತ್ರವೆಂದರೆ ಆ ಚೀಲ ಎರಡು ವರ್ಷದಿಂದ ಕಾರವಾರದ ನನ್ನ ಬಾಡಿಗೆ ಮನೆಯಲ್ಲಿ, ಬಾಗಿಲ ಹಿಂದೆ ನಿಂತಿದೆ.

ನಮ್ಮ ಜಿಲ್ಲೆಯಲ್ಲಿ ಗಾಲ್ಫ್ ಆಡುವವರು ಎಷ್ಟು ಮಂದಿ ಎಂದು ನೀವು ನಗಬಹುದು. ನಾನೂ ನಗುತ್ತಿದ್ದೆ. 2021ರ ಆಗಸ್ಟಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದ ಬೆಳಿಗ್ಗೆ, ಆಟದ ಗಂಧಗಾಳಿ ಇಲ್ಲದ ನಾನು ಟಿವಿಯ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದೆ. ಅಲ್ಲಿಂದ ಹತ್ತಿದ ಹುಚ್ಚು. ಬೆಂಗಳೂರಿಗೆ ಕಚೇರಿ ಕೆಲಸಕ್ಕೆ ಹೋದಾಗಲೆಲ್ಲ ಅಭ್ಯಾಸದ ಅಂಗಳದಲ್ಲಿ ಬಾಡಿಗೆ ಕ್ಲಬ್ಬಿನಿಂದ, ಎಂದರೆ ಗಾಲ್ಫ್ ಕೋಲಿನಿಂದ, ಒಂದು ಬುಟ್ಟಿ ಚೆಂಡು ಹೊಡೆದು ಬರುತ್ತಿದ್ದೆ. ಶಿರಸಿಯ ಭಾವನಿಗೂ ಇದೇ ಚಟ ಅಂಟಿಸಿದೆ. ಸುಗ್ಗಿ ಮುಗಿದ ಮೇಲೆ ಅವನ ಗದ್ದೆಯ ಬಯಲಿನಲ್ಲಿ ಪ್ಲಾಸ್ಟಿಕ್ ಬಕೆಟ್ ಇಟ್ಟು ಅದರೊಳಕ್ಕೆ ಚೆಂಡು ಬೀಳಿಸುವುದು ನಮ್ಮ ಗಾಲ್ಫ್. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯವಿರಲಿಲ್ಲ.

ಮಾರುವವನು ಪುಣೆಯಲ್ಲಿದ್ದೇನೆ ಎಂದ. ಮಾತು ಬಹಳ ನಯ. ಹದಿನಾಲ್ಕು ಕ್ಲಬ್, ಚೀಲ, ಮೇಲೆ ಮೂರು ಡಜನ್ ಚೆಂಡು ಉಚಿತ. ಹದಿನಾಲ್ಕು ಎಂಬುದೇ ನನ್ನನ್ನು ಕೆಡವಿದ್ದು. ನಿಯಮದ ಪ್ರಕಾರ ಒಬ್ಬ ಆಟಗಾರ ಹದಿನಾಲ್ಕಕ್ಕಿಂತ ಹೆಚ್ಚು ಕ್ಲಬ್ ಒಯ್ಯುವಂತಿಲ್ಲ. ನಾನು ಅದನ್ನು ಹದಿನಾಲ್ಕು ಇರಲೇಬೇಕು ಎಂದು ಓದಿಕೊಂಡಿದ್ದೆ. ಕಲಿಯುವವನಿಗೆ ಆರೇಳು ಧಾರಾಳವಾಗಿ ಸಾಕು ಎಂದು ಹೇಳುವವರು ಆಗ ಪಕ್ಕದಲ್ಲಿರಲಿಲ್ಲ. ಹೆಸರಾಂತ ಅಮೆರಿಕನ್ ಕಂಪನಿಯ ಮಾಲು, ಅಂಗಡಿಯಲ್ಲಿ ಕೊಂಡರೆ ಲಕ್ಷ ದಾಟುತ್ತದೆ ಎಂದ. ಆ ಮಾತು ಸುಳ್ಳೂ ಅಲ್ಲ. ಮೊದಲು ಮುಂಗಡ 6,000, ಕೊರಿಯರ್ ಕಟ್ಟುವ ಮೊದಲು ಉಳಿದ 30,000. ‘ಇನ್ನೊಬ್ಬರು ಸಂಜೆ ಬರುತ್ತೇನೆ ಎಂದಿದ್ದಾರೆ ಸರ್, ನಿಮ್ಮ ಮಾತು ಕೇಳಿ ನಿಮಗೇ ಕೊಡೋಣ ಅನ್ನಿಸಿತು’ ಎಂದಾಗ ನಾನು ಕಾಳಿ ಸೇತುವೆಯ ಬಳಿ ಗಾಡಿ ನಿಲ್ಲಿಸಿ, ಅಲ್ಲಿಂದಲೇ ಹಣ ಕಳುಹಿಸಿದೆ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡದೆ ನಾನು ಹತ್ತು ರೂಪಾಯಿಯನ್ನೂ ಬಿಚ್ಚುವವನಲ್ಲ.

ಪಾರ್ಸೆಲ್ ಬಂತು. ನೋಡಲು ಎಲ್ಲವೂ ಥಳಥಳ. ಆಯಿ ಮಾತ್ರ ‘ಕ್ಲಬ್ಬಿಗೆ ಮೂವತ್ತಾರು ಸಾವಿರ ಕಟ್ಟಿದೆಯಾ?’ ಎಂದು ಗಾಬರಿಯಾದರು. ಅವರ ಲೆಕ್ಕದಲ್ಲಿ ಕ್ಲಬ್ ಎಂದರೆ ಇಸ್ಪೀಟು. ಇದು ಆ ಕ್ಲಬ್ ಅಲ್ಲ, ಕೋಲು ಎಂದು ತೋರಿಸಿದೆ. ಆಗ ಅವರಿಗೆ ಇನ್ನೂ ಗಾಬರಿಯಾಯಿತು.

ಆ ಡಿಸೆಂಬರಿನಲ್ಲಿ ಭಾವನೂ ನಾನೂ ನಿಜವಾದ ಮೈದಾನದಲ್ಲಿ ಒಮ್ಮೆ ಆಡಿಬಿಡೋಣ ಎಂದು ಹೊರಟೆವು. ಯಾವ ಮೈದಾನ, ಯಾವ ಊರು ಎಂಬುದನ್ನು ಬರೆಯುವುದಿಲ್ಲ. ರೆಸಾರ್ಟಿಗೆ ಸೇರಿದ್ದು ಎಂದರೆ ಸಾಕು. ಫೋನಿನಲ್ಲಿ ವಿಚಾರಿಸಿದ್ದೆ. ‘ಹದಿನೆಂಟು ಹೋಲಿಗೆ ತಲೆಗೆ 2,500’ ಎಂದಿದ್ದರು. ಹೋಲು ಎಂದರೆ ಚೆಂಡು ಬೀಳಿಸಬೇಕಾದ ಕುಳಿ, ಪೂರ್ತಿ ಆಟಕ್ಕೆ ಹದಿನೆಂಟು. ಇಬ್ಬರಿಗೆ ಐದು ಸಾವಿರ, ಊಟ ಬೇರೆ ಎಂದು ಲೆಕ್ಕ ಹಾಕಿ ನಸುಕಿನಲ್ಲೇ ಕಾರು ಹತ್ತಿದೆವು.

ಕೌಂಟರಿನಲ್ಲಿ ಲೆಕ್ಕ ಬೇರೆಯಾಯಿತು. 2,500 ಎಂಬುದು ವಾರದ ದಿನದ ದರ, ಅಂದು ಭಾನುವಾರ, ಆದ್ದರಿಂದ ತಲೆಗೆ 3,400. ಚೀಲ ಹೊತ್ತು ಜೊತೆಗೆ ಬರುವ ಕ್ಯಾಡಿ ಕಡ್ಡಾಯ, ತಲೆಗೆ 700. ಮಧ್ಯಾಹ್ನದ ಮೇಲೆ ನಡೆದು ಆಡುವಂತಿಲ್ಲ, ಕಾರ್ಟ್ ಎಂಬ ಪುಟ್ಟ ಗಾಡಿ ತೆಗೆದುಕೊಳ್ಳಲೇಬೇಕು, 1,500. ತೆರಿಗೆ 1,494. ಅಷ್ಟರಲ್ಲಿ ಕೌಂಟರಿನ ಹುಡುಗ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಾಲರ್ ಇಲ್ಲದ ಅಂಗಿಗೆ ಪ್ರವೇಶವಿಲ್ಲ ಎಂದ. ಭಾವ ಹಾಕಿದ್ದು ದುಂಡು ಕುತ್ತಿಗೆಯ ಹೊಸ ಬನಿಯನ್. ಆಟಕ್ಕೆಂದೇ ಶಿರಸಿ ಪೇಟೆಯಲ್ಲಿ ಕೊಂಡದ್ದು. ಅಲ್ಲೇ ಪಕ್ಕದ ಅವರದ್ದೇ ಅಂಗಡಿಯಲ್ಲಿ ಕಾಲರ್ ಇರುವ ಅಂಗಿಗೆ 1,450. ಒಟ್ಟು 12,644 ರೂಪಾಯಿ ಎಣಿಸಿಕೊಟ್ಟು ಹೊರಬಂದಾಗ ಭಾವ ‘ಇದರಲ್ಲಿ ಆಳಿಗೆ ಎಷ್ಟು ದಿನದ ಕೂಲಿ ಕೊಡಬಹುದಿತ್ತು ಗೊತ್ತೇನೋ’ ಎಂದ. ಗೊತ್ತಿತ್ತು. ಸುಮ್ಮನಿದ್ದೆ.

ಇದರಲ್ಲಿ ಯಾವುದನ್ನೂ ಮೋಸ ಎನ್ನಲಾರೆ. ವಾರಾಂತ್ಯಕ್ಕೆ ಬೇರೆ ದರ, ಸದಸ್ಯರಿಗೆ ಒಂದು, ಸದಸ್ಯರ ಅತಿಥಿಗೆ ಇನ್ನೊಂದು, ಹೊರಗಿನವರಿಗೆ ಮತ್ತೊಂದು ದರ ಎಂಬುದು ಗಾಲ್ಫಿನಲ್ಲಿ ಹಳೆಯ ಪದ್ಧತಿ. ಕಾಲರಿನ ನಿಯಮವೂ ಹಾಗೆಯೇ. ನಾನು ಕೇಳಿದ್ದು ಗ್ರೀನ್ ಫೀ, ಎಂದರೆ ಮೈದಾನದಲ್ಲಿ ಆಡುವ ಶುಲ್ಕ ಮಾತ್ರ, ಅವರು ಹೇಳಿದ್ದೂ ಅಷ್ಟೇ. ಕೇಳಬೇಕಿದ್ದ ಪ್ರಶ್ನೆಯೇ ಬೇರೆ: ನಾವಿಬ್ಬರು, ಇಂಥ ದಿನ, ಇಷ್ಟು ಗಂಟೆಗೆ ಬಂದು ಆಡಿ ಹೊರಡುವಾಗ ಜೇಬಿನಿಂದ ಒಟ್ಟು ಎಷ್ಟು ಹೋಗಿರುತ್ತದೆ? ಇದಕ್ಕೆ ಉತ್ತರವನ್ನು ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ.

ಆದರೆ ‘ಹದಿನೆಂಟು ಹೋಲು’ ಎಂದದ್ದು ಮಾತ್ರ ನನಗೆ ಇಂದಿಗೂ ಚುಚ್ಚುತ್ತದೆ. ಅಲ್ಲಿದ್ದದ್ದು ಒಂಬತ್ತೇ. ಅದನ್ನೇ ಎರಡು ಸಲ ಸುತ್ತಬೇಕು. ಅನೇಕ ಮೈದಾನಗಳಲ್ಲಿ ಹೀಗಿದೆ, ತಪ್ಪೇನಲ್ಲ; ಆದರೆ ಎರಡನೇ ಸುತ್ತು ಆರಂಭಿಸುವ ಹೊತ್ತಿಗೆ ಹೊಸದಾಗಿ ಬಂದವರು ಮೊದಲ ಟೀಯಲ್ಲಿ, ಎಂದರೆ ಮೊದಲ ಹೊಡೆತದ ಜಾಗದಲ್ಲಿ, ಸಾಲುಗಟ್ಟಿರುತ್ತಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. ನಮ್ಮ ಸರದಿ 12.50ಕ್ಕೆ ಎಂದಿತ್ತು. ಮೊದಲ ಚೆಂಡು ಹೊಡೆದಾಗ 1.25. ನಮ್ಮ ಮುಂದೆ ಆರು ಮಂದಿಯ ಗುಂಪು, ಕಾರ್ಟಿನಲ್ಲಿ ಹಾಡು, ಪ್ರತಿ ಹೋಲಿನಲ್ಲೂ ಫೋಟೋ. ನಾಲ್ವರಿಗಿಂತ ಹೆಚ್ಚು ಮಂದಿಯನ್ನು ಒಟ್ಟಿಗೆ ಬಿಡುವುದು ವಾಡಿಕೆಯಲ್ಲ. ಹಿಂದಿನವರು ಬೇಗ ಬರುತ್ತಿದ್ದರೆ ಪಕ್ಕಕ್ಕೆ ಸರಿದು ದಾರಿ ಬಿಡುವುದು ಈ ಆಟದ ಮರ್ಯಾದೆ. ನಮ್ಮ ಕ್ಯಾಡಿಗೆ ಕೇಳಿದರೆ, ‘ಅವರು ರೆಸಾರ್ಟಿನಲ್ಲೇ ಉಳಿದವರು ಸರ್, ನಾನು ಹೇಳುವ ಹಾಗಿಲ್ಲ’ ಎಂದು ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದ. ಮೈದಾನ ಸುತ್ತಿ ಎಲ್ಲರನ್ನೂ ಮುಂದೆ ಸಾಗಿಸಬೇಕಾದ ಮಾರ್ಷಲ್ ಎಂಬ ಪ್ರಾಣಿ ಕಣ್ಣಿಗೇ ಬೀಳಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ನಾವೂ ಕಡಿಮೆ ಇರಲಿಲ್ಲ. ಭಾವನ ಚೆಂಡು ಪೊದೆಯೊಳಗೆ ಹೋಗಿತ್ತು. ಒಂದು ಚೆಂಡಿಗೆ ಮುನ್ನೂರು ರೂಪಾಯಿ ಎಂದು ಕೇಳಿದ ಮೇಲೆ ಅವನು ಬಿಡುವ ಗಿರಾಕಿಯಲ್ಲ. ಉದುರಿದ ಅಡಿಕೆ ಹೆಕ್ಕುವವನ ಶ್ರದ್ಧೆಯಿಂದ ಒಂದೊಂದೇ ಎಲೆ ಸರಿಸುತ್ತ ಹತ್ತು ನಿಮಿಷ ಹುಡುಕಿದ. ಕಳೆದ ಚೆಂಡು ಹುಡುಕಲು ನಿಯಮ ಕೊಡುವುದು ಮೂರೇ ನಿಮಿಷ. 2019ರವರೆಗೆ ಐದು ನಿಮಿಷವಿತ್ತು, ಆಟ ಬೇಗ ಸಾಗಲಿ ಎಂದು ಕಡಿತಗೊಳಿಸಿದರು. ಅದೇ ವರ್ಷದ ನಿಯಮಾವಳಿ ನಿಮ್ಮ ಸರದಿ ಬಂದ ಮೇಲೆ ನಲವತ್ತು ಸೆಕೆಂಡಿನೊಳಗೆ ಹೊಡೆಯಿರಿ ಎಂದೂ ಸೂಚಿಸುತ್ತದೆ. ಸಾಮಾನ್ಯ ಆಟಗಳಲ್ಲಿ ದೂರದವನೇ ಮೊದಲು ಹೊಡೆಯಬೇಕೆಂದು ಕಾಯುವುದು ಬೇಡ, ಸಿದ್ಧವಿರುವವನು ಹೊಡೆಯಲಿ ಎಂದೂ ಅದರಲ್ಲಿದೆ. ನಮಗೆ ಇದೊಂದೂ ತಿಳಿದಿರಲಿಲ್ಲ. ಹಿಂದಿನ ಗುಂಪಿನ ಹಿರಿಯರೊಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆರನೆಯ ಹೋಲಿನಲ್ಲಿ ಆಗಬೇಕಾದದ್ದು ಆಯಿತು. ದೂರ ಹೊಡೆಯಲೆಂದೇ ಇರುವ, ಡ್ರೈವರ್ ಎಂಬ ದೊಡ್ಡ ತಲೆಯ ಕ್ಲಬ್ ಎತ್ತಿ ಬೀಸಿದೆ. ಕೈಗೆ ಹೊಡೆತದ ಭಾರವೇ ತಾಗಲಿಲ್ಲ, ಕೋಲು ಗಾಳಿಯಲ್ಲಿ ಹಗುರಾಗಿ ಸುತ್ತಿತು. ಚೆಂಡು ಇಪ್ಪತ್ತು ಗಜ ಉರುಳಿ ನಿಂತಿತು. ಕ್ಲಬ್ಬಿನ ತಲೆ ಮಾತ್ರ ಬುರ್ರೆಂದು ಹಾರಿ ಅದಕ್ಕಿಂತ ಮೂರು ಪಟ್ಟು ದೂರ ಹೋಗಿ ಹುಲ್ಲಿನ ಮೇಲೆ ಬಿತ್ತು. ಕ್ಯಾಡಿ ಮುಖ ಆಚೆ ತಿರುಗಿಸಿ ನಕ್ಕ. ನಗಲಿ. ಆ ದಿಕ್ಕಿನಲ್ಲಿ ಮನುಷ್ಯರಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಅಂಗೈ ಬೆವರುತ್ತದೆ. ತಲೆಯನ್ನು ಎತ್ತಿಕೊಂಡು ಅದರ ಕುತ್ತಿಗೆಯೊಳಗೆ ನೋಡಿದೆ. ಅಂಟು ಒಂದು ಬದಿಗಷ್ಟೇ ಉಗುರಿನಗಲ ಹತ್ತಿತ್ತು, ಉಳಿದೆಡೆ ಒಣ ಲೋಹ.

ಅಂದು ನಾವು ಆಡಿದ್ದು ಹದಿಮೂರು. ಹದಿಮೂರನೆಯದು ಎಂದರೆ ನಾಲ್ಕನೆಯದೇ, ಎರಡನೇ ಸಲ. ಆರು ಗಂಟೆಗೆ ಕತ್ತಲು ಕವಿಯಿತು. ನಾಲ್ವರ ತಂಡ ಹದಿನೆಂಟನ್ನೂ ಮುಗಿಸುವ ಹೊತ್ತಿನಲ್ಲಿ ಇಬ್ಬರು ಹದಿಮೂರು ಆಡಿದ್ದೆವು. ಉಳಿದ ಐದಕ್ಕೆ ಹಣ ವಾಪಸು ಇಲ್ಲ, ಇನ್ನೊಮ್ಮೆ ಬಂದಾಗ ಆಡುವ ಚೀಟಿಯೂ ಇಲ್ಲ. ಮಳೆ ಬಂದರೆ ಮಾತ್ರ ಆ ಚೀಟಿಯಂತೆ.

ಮನೆಗೆ ಬಂದವನೇ ಫ್ರಿಜ್ಜಿನ ಬಾಗಿಲಿನಿಂದ ಮುರುಡೇಶ್ವರದ ಶಿವನ ಚಿತ್ರದ ಅಯಸ್ಕಾಂತವನ್ನು ಕಿತ್ತು ಡ್ರೈವರಿನ ತಲೆಗೆ ಹಿಡಿದೆ. ಶಿವ ಟಕ್ಕೆಂದು ಅಂಟಿ ಕುಳಿತ. ಮಾರುವವನು ಇದನ್ನು ಟೈಟೇನಿಯಂ ಎಂದಿದ್ದ. ಟೈಟೇನಿಯಂಗೆ ಅಯಸ್ಕಾಂತ ಅಂಟುವುದಿಲ್ಲ. ಒಳ್ಳೆಯ ಡ್ರೈವರಿನಲ್ಲೂ ತಿರುಪು, ತೂಕದ ತುಂಡುಗಳು ಉಕ್ಕಿನವಿರಬಹುದು, ಅಲ್ಲಿ ಹಿಡಿಯಬೇಡಿ, ಚೆಂಡಿಗೆ ತಾಗುವ ಮುಖಕ್ಕೆ ಹಿಡಿಯಿರಿ. ಐರನ್ ಎಂಬ ತೆಳು ತಲೆಯ ಕ್ಲಬ್ಬುಗಳು ಉಕ್ಕಿನವೇ, ಅವುಗಳಿಗೆ ಅಂಟಿದರೆ ಗಾಬರಿ ಬೇಡ. ಅಂಟದ ಮಾತ್ರಕ್ಕೆ ಅಸಲಿ ಎಂದೂ ತಿಳಿಯಬೇಡಿ. ಅಲ್ಯೂಮಿನಿಯಂ ಕೂಡ ಅಂಟುವುದಿಲ್ಲ. ಕಂಪನಿಗೆ ಇಮೇಲ್ ಬರೆದು ಕ್ಲಬ್ಬಿನ ಕುತ್ತಿಗೆಯ ಮೇಲೆ ಕೆತ್ತಿದ ಸಂಖ್ಯೆಯನ್ನು ಕಳುಹಿಸಿದೆ. ಆ ಸಂಖ್ಯೆ ನಮ್ಮ ದಾಖಲೆಯಲ್ಲಿ ಬೇರೆ ಮಾದರಿಯದು ಎಂದು ಉತ್ತರ ಬಂತು. ಆಗ ಕಣ್ಣು ತೆರೆದು ನೋಡಿದರೆ ಚೀಲದ ಎರಡು ಕ್ಲಬ್ಬುಗಳ ಮೇಲೂ ಒಂದೇ ಸಂಖ್ಯೆ! ಉಚಿತದ ಚೆಂಡುಗಳನ್ನು ಉಗುರಿನಿಂದ ಕೆರೆದಾಗ ಬಿಳಿ ಬಣ್ಣ ಸಿಪ್ಪೆಯಂತೆ ಎದ್ದಿತು. ಮೈದಾನದ ಕೆರೆಗೆ ಬಿದ್ದದ್ದನ್ನು ಎತ್ತಿ ಬಣ್ಣ ಬಳಿದ ಮಾಲು.

ಮುಂದಿನ ಜೂನ್ ಉಳಿದದ್ದನ್ನು ಬಯಲಿಗೆಳೆಯಿತು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅಸಲಿ ಉಕ್ಕೂ ತುಕ್ಕು ಹಿಡಿಯುತ್ತದೆ, ಒರೆಸಿ ಇಡಬೇಕು. ಆದರೆ ಇವುಗಳ ಮೇಲಿನ ಹೊಳಪು ಮಳೆ ಹಿಡಿದ ಹದಿನೈದು ದಿನದಲ್ಲಿ ಹೊಟ್ಟಿನಂತೆ ಎದ್ದು, ಚೀಲದ ತಳದಲ್ಲಿ ಕಂದು ನೀರು ನಿಂತಿತ್ತು. ಮಾತು ಬಂತೆಂದು ಹೇಳುತ್ತೇನೆ, ಅಸಲಿ ಕ್ಲಬ್ಬಾದರೂ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಬಿಸಿಗೆ ತಲೆ ಹಿಡಿದಿರುವ ಅಂಟು ಸಡಿಲವಾಗುತ್ತದೆ.

ದೂರಿನ ವಿಷಯ. ಮಾರಿದವನ ಫೋನ್ ಸಂಖ್ಯೆ ಅಷ್ಟರಲ್ಲಿ ಬಂದ್ ಆಗಿತ್ತು. ಆನ್‌ಲೈನ್ ವಂಚನೆಗೆ 1930 ಎಂಬ ಸಹಾಯವಾಣಿ ಇದೆ, ಹಣ ಹೋದ ಕೂಡಲೇ ಕರೆ ಮಾಡಿದರೆ ಅದು ಬ್ಯಾಂಕಿನಿಂದ ಬ್ಯಾಂಕಿಗೆ ಜಾರುವ ಮೊದಲೇ ತಡೆಯುವ ಅವಕಾಶವಿರುತ್ತದೆ. ನಾನು ಕರೆ ಮಾಡಿದ್ದು ಎರಡು ತಿಂಗಳ ಮೇಲೆ. ಸಾಮಾನು ಬಂದಿದೆ, ತೆರೆದಿದ್ದೀರಿ, ಬಳಸಿದ್ದೀರಿ. ಹೀಗಿರುವಾಗ ಪ್ರಕರಣ ಎಷ್ಟು ತೆಳುವಾಗುತ್ತದೆ ಎಂಬುದು ದೂರು ಬರೆಯುವಾಗಲೇ ನನಗೆ ಅರಿವಾಯಿತು. ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿರಲಿಲ್ಲ, ಬಿಲ್ ಕೇಳಿರಲಿಲ್ಲ. ಅಂಗಡಿಯಲ್ಲಿ ಬಿಲ್ ಪಡೆದು ಕೊಂಡಿದ್ದರೆ 1915 ಎಂಬ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದಿತ್ತು, ಕಾರವಾರದಲ್ಲೇ ಇರುವ ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲನ್ನೂ ಹತ್ತಬಹುದಿತ್ತು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಮುಖ ಕಾಣದ ಖಾಸಗಿ ವ್ಯಕ್ತಿಯಿಂದ ಕೊಂಡವನಿಗೆ ಆ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ.

ಹಳೆಯದನ್ನು ಕೊಳ್ಳಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಈಗ ನನ್ನ ಬಳಿ ಇರುವ ಏಳು ಕ್ಲಬ್ಬುಗಳೂ ಹಳೆಯವೇ, ಬೆಂಗಳೂರಿನ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು, ಬೀಸಿ ನೋಡಿ, 11,000ಕ್ಕೆ ಬಿಲ್ ಸಮೇತ ತಂದವು. ದೂರದವನಿಂದ ಕೊಳ್ಳುವುದಾದರೆ ವಿಡಿಯೊ ಕರೆಯಲ್ಲಿ ಒಂದೊಂದು ಕ್ಲಬ್ಬಿನ ಸಂಖ್ಯೆಯನ್ನೂ ತೋರಿಸು ಎನ್ನಿ. ‘ನೆಟ್‌ವರ್ಕ್ ಇಲ್ಲ ಸರ್’ ಎಂದರೆ ಅಲ್ಲಿಗೆ ಬಿಡಿ. ಮೊಸಾಯಿಕ್ ನೆಲ, ಬೆತ್ತದ ಕುರ್ಚಿ, ಕೆಂಪು ಚೀಲ ಕಂಡರೆ ಅಷ್ಟೂ ಮಾತಾಡಬೇಡಿ. ಆ ಜಾಹೀರಾತಿನ ಬಗ್ಗೆ ಜಾಲತಾಣಕ್ಕೆ ನಾನು ದೂರು ಕೊಟ್ಟಿದ್ದೇನೆ. ಬರೆಯುತ್ತಿರುವ ಈ ಹೊತ್ತಿಗೂ ಅದು ಅಲ್ಲೇ ಇದೆ.

ಆ ದಿನದ ಖರ್ಚಿನಲ್ಲಿ ಬಾಳಿಕೆ ಬಂದದ್ದು 1,450ರ ಅಂಗಿಯೊಂದೇ. ಭಾವ ಅದನ್ನು ಹಾಕಿಕೊಂಡು ಅಡಿಕೆ ವಹಿವಾಟಿಗೆ ಹೋಗುತ್ತಾನೆ. ‘ಹೊಸದೇ ಭಟ್ಟರೇ?’ ಎಂದು ಯಾರಾದರೂ ಕೇಳಿದರೆ ನನ್ನ ನಂಬರ್ ಕೊಡುತ್ತಾನೆ.