ಮಣ್ಣಲ್ಲಿ ಕರಗುವ ಡ್ರೈಯರ್ ಶೀಟು: ಒಂದೂವರೆ ಪ್ಯಾಕೆಟ್ ಬಳಸಿದ ಮೇಲೆ

ಜನವರಿಯಲ್ಲಿ ಅಮೆರಿಕದ ಮಿನೆಸೋಟದಲ್ಲಿ ಸ್ವೆಟರ್ ಬಿಚ್ಚುವುದೇ ಒಂದು ಸಾಹಸ. ತಲೆ ಮೇಲಿಂದ ಎಳೆದರೆ ಚಟಚಟ ಸದ್ದು. ಲೈಟ್ ಆರಿಸಿದ್ದರೆ ಸಣ್ಣ ಸಣ್ಣ ಕಿಡಿಯೂ ಕಾಣುತ್ತದೆ. ಮಗಳ ಕೆನ್ನೆ ಮುಟ್ಟಲು ಹೋದರೆ ಇಬ್ಬರಿಗೂ ಶಾಕ್. ಒಮ್ಮೆ ನಮ್ಮೆಜಮಾನರು ಬೆನ್ನಿಗೆ ಮಗಳ ಗುಲಾಬಿ ಸಾಕ್ಸ್ ಅಂಟಿಸಿಕೊಂಡೇ ಆಫೀಸಿಗೆ ಹೋಗಿದ್ದರು. ಊಟದ ಹೊತ್ತಿನ ತನಕ ಯಾರೂ ಹೇಳಿರಲಿಲ್ಲ. ಇಲ್ಲಿನವರ ಸೌಜನ್ಯ ಅಂದರೆ ಅಷ್ಟು.

ನಾನು ತೀರ್ಥಹಳ್ಳಿ ಕಡೆಯವಳು. ಅಲ್ಲಿ ಕಷ್ಟ ಇದಕ್ಕೆ ಉಲ್ಟಾ. ಆಷಾಢದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಬಚ್ಚಲೊಲೆಯ ಮೇಲೆ ಗಳ ಕಟ್ಟಿ, ಯೂನಿಫಾರ್ಮು, ಲಂಗ, ಅಪ್ಪಯ್ಯನ ಪಂಚೆ ಎಲ್ಲ ಅದರ ಮೇಲೆ. ಶಾಲೆಗೆ ಹೋದರೆ ಮೈಯೆಲ್ಲ ಹೊಗೆ ವಾಸನೆ. ಎಲ್ಲರದೂ ಅದೇ ಕಥೆ ಆದ್ದರಿಂದ ಯಾರೂ ಮೂಗು ಮುಚ್ಚುತ್ತಿರಲಿಲ್ಲ. ಇಲ್ಲಿ ಮುಕ್ಕಾಲು ಗಂಟೆಯಲ್ಲಿ ಡ್ರೈಯರ್ ಬಟ್ಟೆಯನ್ನು ಹಪ್ಪಳದ ಹಾಗೆ ಒಣಗಿಸಿ ಕೊಡುತ್ತದೆ. ಅಷ್ಟು ಒಣಗುವುದೇ ತೊಂದರೆ. ಪಾಲಿಯೆಸ್ಟರ್, ನೈಲಾನ್, ಹತ್ತಿ ಎಲ್ಲ ಬಿಸಿ ಗಾಳಿಯಲ್ಲಿ ಒಂದಕ್ಕೊಂದು ಉಜ್ಜಿ ವಿದ್ಯುತ್ ಹುಟ್ಟುತ್ತದೆ. ತೇವ ಇಲ್ಲದ ಗಾಳಿಯಲ್ಲಿ ಅದಕ್ಕೆ ಹರಿದು ಹೋಗಲು ದಾರಿ ಇರುವುದಿಲ್ಲ.

ಅದಕ್ಕೇ ಇಲ್ಲಿನ ಮನೆಗಳಲ್ಲಿ ಡ್ರೈಯರ್ ಶೀಟ್ ಇರುತ್ತದೆ. ನೋಡದವರಿಗೆ ಹೇಳುತ್ತೇನೆ: ಅಂಗೈಗಿಂತ ಸ್ವಲ್ಪ ದೊಡ್ಡ, ತೆಳು ಬಟ್ಟೆಯಂಥ ಹಾಳೆ. ಅದಕ್ಕೆ ಮೇಣದಂಥ ಮೃದುಕಾರಿ ಹಚ್ಚಿರುತ್ತಾರೆ. ಒದ್ದೆ ಬಟ್ಟೆಯ ಜೊತೆ ಒಂದು ಹಾಕಿದರೆ ಬಿಸಿಗೆ ಮೇಣ ಕರಗಿ ಬಟ್ಟೆಗೆಲ್ಲ ಸವರಿಕೊಳ್ಳುತ್ತದೆ. ಕಾನ್ರಾಡ್ ಗೈಸರ್ ಎಂಬ ಅಮೆರಿಕದವನ ಉಪಾಯ ಇದು, 1969ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೂ ಮೊದಲು ಮಷೀನು ಕೊನೆಯ ಜಾಲಿಕೆಗೆ ಬರುವುದನ್ನೇ ಕಾದುಕೊಂಡು, ಓಡಿಹೋಗಿ ಮೃದುಕಾರಿ ದ್ರವ ಸುರಿಯಬೇಕಿತ್ತು.

ನಾನು ಹತ್ತು ವರ್ಷ ಮಾಮೂಲಿ ಶೀಟನ್ನೇ ಬಳಸಿದೆ. ಬಿಟ್ಟಿದ್ದು ಅಮ್ಮನಿಂದ. ಎರಡು ವರ್ಷದ ಹಿಂದೆ ಅವಳು ಇಲ್ಲಿಗೆ ಬಂದಿದ್ದಳು. ದೇವರ ಮುಂದೆ ಹಾಕುವ ಮಣೆವಸ್ತ್ರವನ್ನು ನಾನು ಡ್ರೈಯರ್‌ನಿಂದ ತೆಗೆದು ಮಡಿಸುತ್ತಿದ್ದೆ. "ಎಂತದೇ ಇದು, ಮೈಗೆ ಜಿಡ್ಡು ಹಚ್ಚಿದ ಹಾಗೆ ಇದೆ?" ಎಂದಳು. ಜಿಡ್ಡು ಹೌದು. ಯಾವುದರ ಜಿಡ್ಡು ಎಂದು ಹುಡುಕುತ್ತಾ ಹೋದೆ. ಬಟ್ಟೆ ಮೃದು ಮಾಡುವ ಈ ಅಣುವಿಗೆ ಒಂದು ತಲೆ, ಎರಡು ಉದ್ದ ಬಾಲ. ತಲೆಯಲ್ಲಿ ಧನ ವಿದ್ಯುದಂಶ, ಅದು ನೂಲನ್ನು ಹಿಡಿದುಕೊಳ್ಳುತ್ತದೆ. ಬಾಲ ಕೊಬ್ಬಿನದು, ಹೊರಗೆ ಚಾಚಿ ನುಣ್ಣಗೆ ಅನಿಸುವಂತೆ ಮಾಡುತ್ತದೆ. ದಶಕಗಳ ಕಾಲ ಆ ಬಾಲ ಹೆಚ್ಚಾಗಿ ಬಂದದ್ದು ದನದ ಕೊಬ್ಬಿನಿಂದ. ಈಗಲೂ ಕೆಲವು ಶೀಟುಗಳಲ್ಲಿ ಅದೇ ಇದೆ. ಅಮ್ಮನಿಗೆ ಇದನ್ನು ಹೇಳಲಿಲ್ಲ. ದಯವಿಟ್ಟು ನೀವೂ ಹೇಳಬೇಡಿ.

ಹಾಗೆ ಕೊಂಡದ್ದು ಈ ಗಿಡಮೂಲದ, ಮಣ್ಣಲ್ಲಿ ಕರಗುವ ಶೀಟು. ನಮ್ಮನೆ ಹತ್ತಿರದ ಕೋ-ಆಪ್ ಅಂಗಡಿಯಲ್ಲಿ 80 ಹಾಳೆಗೆ ಎಂಟೂವರೆ ಡಾಲರ್. ಮಾಮೂಲಿಗಿಂತ ದುಬಾರಿ. ಕಂಪನಿ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಮುಂದೆ ಬೈಯುವುದಿದೆ. ಇಂಥ ನಾಲ್ಕಾರು ಪ್ಯಾಕೆಟ್ ತಿರುಗಿಸಿ ನೋಡಿದರೆ ಒಳಗಿರುವ ಸಾಮಾನೂ ಹೆಚ್ಚುಕಮ್ಮಿ ಒಂದೇ.

ಮೊದಲ ಪ್ಯಾಕೆಟ್ ನವೆಂಬರ್‌ನಿಂದ ಫೆಬ್ರವರಿ ತನಕ ಬಂತು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಶಾಕ್ ಪೂರ್ತಿ ಹೋಗಲಿಲ್ಲ, ಮುಕ್ಕಾಲು ಪಾಲು ಹೋಯಿತು. ಉಣ್ಣೆ ಮತ್ತು ಪಾಲಿಯೆಸ್ಟರ್ ಒಟ್ಟಿಗೆ ಹಾಕಿದ ದಿನ ಒಂದರ ಬದಲು ಎರಡು ಹಾಳೆ ಬೇಕಾಯಿತು. ಹತ್ತಿ ಬೆಡ್‌ಶೀಟು ಮೆತ್ತಗೆ ಬಂತು, ಜಿಡ್ಡು ಕಮ್ಮಿ. ವಾಸನೆಯೂ ಸಾಧು. ಹಳೇ ಶೀಟಿನ ಘಾಟಿಗೆ ಪಕ್ಕದ ಮನೆಯವರ ಡ್ರೈಯರ್ ಓಡುತ್ತಿದ್ದರೆ ರಸ್ತೆಯಲ್ಲೇ ಗೊತ್ತಾಗುತ್ತದೆ ಅಲ್ವಾ, ಇದು ಹಾಗಲ್ಲ. ಮೂಗಿನ ಹತ್ತಿರ ತಂದರೆ ಮಾತ್ರ ಸಣ್ಣಗೆ ಲ್ಯಾವೆಂಡರ್.

ಆಗ ಖುಷಿಯಲ್ಲಿ ಇನ್ನೆರಡು ಪ್ಯಾಕೆಟ್ ತಂದೆ. ಒಂದನ್ನು ಡ್ರೈಯರ್ ಮೇಲಿನ ಶೆಲ್ಫಿನಲ್ಲಿ ಇಟ್ಟೆ. ಇನ್ನೊಂದು ಬೇಸ್‌ಮೆಂಟಿನಲ್ಲಿ, ಅಕ್ಕಿ ಡಬ್ಬಿ ಪಕ್ಕ. ಏಪ್ರಿಲ್ ಬಂತು, ಶಾಕ್ ನಿಂತಿತು, ಶೀಟ್ ಮರೆತೇಹೋಯಿತು.

ಅಕ್ಟೋಬರ್‌ನಲ್ಲಿ ಶೆಲ್ಫಿನ ಪ್ಯಾಕೆಟ್ ತೆಗೆದೆ. ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಬಿಡಿಸಿದರೆ ಬಿಳಿ ಪುಡಿ ಉದುರಿತು. ಮೂಸಿದೆ. ಲ್ಯಾವೆಂಡರ್ ಅಡಿಯಲ್ಲಿ ಬೇರೊಂದು ವಾಸನೆ. ಚಿರಪರಿಚಿತ ವಾಸನೆ, ಹೆಸರು ಮಾತ್ರ ಬಾಯಿಗೆ ಬರುತ್ತಿಲ್ಲ. ಎರಡನೇ ಸಲ ಮೂಸಿದಾಗ ಹೊಳೆಯಿತು. ಮಳೆಗಾಲ ಪೂರ್ತಿ ಬಾಟ್ಲಿಯ ತಳದಲ್ಲಿ ಉಳಿದ ಕೊಬ್ಬರಿ ಎಣ್ಣೆ. ಕಮಟು! ಆದರೂ ಎಂಟೂವರೆ ಡಾಲರ್ ಅಲ್ವಾ, ಎಸೆಯಲು ಮನಸ್ಸು ಬರಲಿಲ್ಲ. ಒಂದು ಹಾಕಿಯೇ ನೋಡಿದೆ. ಯಜಮಾನರ ನೀಲಿ ಹತ್ತಿ ಅಂಗಿಯ ಮೇಲೆ ಎಂಟಾಣೆ ಅಗಲದ ನಾಲ್ಕು ಎಣ್ಣೆ ಕಲೆ. ಪಾತ್ರೆ ತೊಳೆಯುವ ಸೋಪು ಹಚ್ಚಿ ಉಜ್ಜಿದ ಮೇಲೆ ಹೋದವು. ಶಾಕ್ ಮಾತ್ರ ಹಾಗೇ ಇತ್ತು.

ಬೇಸ್‌ಮೆಂಟಿನ ಪ್ಯಾಕೆಟ್ ತಂದು ಬಿಚ್ಚಿದೆ. ಏನೂ ಆಗಿರಲಿಲ್ಲ, ಹೊಚ್ಚ ಹೊಸದರ ಹಾಗಿತ್ತು.

ಮದುವೆಗೆ ಮುಂಚೆ ನಾನು ಶಿವಮೊಗ್ಗದಲ್ಲಿ ಆರು ವರ್ಷ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟವಳು. ಎಸ್ಟರ್ (ಆಮ್ಲ, ಆಲ್ಕೋಹಾಲ್ ಸೇರಿ ಆಗುವ ವಸ್ತು) ಪಾಠ ಬಂದರೆ ಲ್ಯಾಬಿನಲ್ಲಿ ಬಾಳೆಹಣ್ಣಿನ ವಾಸನೆ ಬರಿಸುತ್ತಿದ್ದೆ, ಅದೊಂದೇ ದಿನ ಹಿಂದಿನ ಬೆಂಚಿನವರೂ ಮುಂದೆ ಬರುತ್ತಿದ್ದರು. ಮಾರನೇ ದಿನ ಎಸ್ಟರ್ ಮುರಿಯುವ ಪಾಠ. ಎಣ್ಣೆ, ಕೊಬ್ಬು ಎಲ್ಲವೂ ಎಸ್ಟರೇ. ಕ್ಷಾರ ಹಾಕಿ ಕುದಿಸಿದರೆ ಮುರಿದು ಸೋಪಾಗುತ್ತದೆ. ಸುಮ್ನೆ ತೇವ, ಬಿಸಿ ತಾಗುತ್ತಾ ಕೂತರೂ ನಿಧಾನವಾಗಿ ಮುರಿಯುತ್ತದೆ. ಶೀಟಿಗೆ ಹಚ್ಚಿದ ಮೃದುಕಾರಿಯಲ್ಲೂ ಎಸ್ಟರ್ ಇದೆ, ಶೆಲ್ಫಿನ ಪ್ಯಾಕೆಟ್ಟಿಗೆ ಆದದ್ದು ಇದೇ ಎಂದು ನನ್ನ ಲೆಕ್ಕ. ಗಿಡದ ಎಣ್ಣೆಯಿಂದ ಮಾಡಿದ ಬಾಲಕ್ಕೆ ಗಾಳಿಯೂ ಸೇರಿಕೊಂಡರೆ ಕಮಟು ಇನ್ನೂ ಜಾಸ್ತಿ.

ತಮಾಷೆ ಎಂದರೆ, ಈ ಎಸ್ಟರನ್ನು ಅಲ್ಲಿ ಸೇರಿಸಿದ್ದೇ ಮುರಿಯಲಿ ಅಂತ. ಹಳೇ ಕಾಲದ ಮೃದುಕಾರಿಯಲ್ಲಿ ಬಾಲಗಳು ನೇರವಾಗಿ ತಲೆಗೆ ಬೆಸೆದಿದ್ದವು. ಅದು ಎಷ್ಟು ವರ್ಷ ಇಟ್ಟರೂ ಕೆಡುತ್ತಿರಲಿಲ್ಲ. ಹೊಳೆಗೆ ಹೋದರೂ ಕೆಡುತ್ತಿರಲಿಲ್ಲ, ಅದೇ ಗೋಳು. ಚರಂಡಿಯ ಕೆಸರಿಗೆ, ನದಿಯ ಹೂಳಿಗೆ ಅಂಟಿಕೊಂಡು ಕೂರುತ್ತಿತ್ತು. ನೀರಿನ ಜೀವಿಗಳಿಗೆ ಅದು ವಿಷ. 1990ರ ಸುಮಾರಿಗೆ ನೆದರ್ಲೆಂಡ್ಸ್, ಜರ್ಮನಿಯಲ್ಲಿ ಈ ಬಗ್ಗೆ ಗಲಾಟೆಯಾಗಿ ಯುರೋಪಿನ ಕಂಪನಿಗಳು ಅದನ್ನು ಕೈಬಿಟ್ಟವು. ಅದರ ಜಾಗಕ್ಕೆ ಬಂದದ್ದು ಎಸ್ಟರ್‌ಕ್ವಾಟ್. ತಲೆ ಬಾಲಗಳ ನಡುವೆ ಒಂದು ಎಸ್ಟರ್ ಗಂಟು. ಚರಂಡಿಗೆ ಹೋದ ಮೇಲೆ ಆ ಗಂಟು ಬಿಚ್ಚುತ್ತದೆ, ತುಂಡುಗಳನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ.

ಅಂದರೆ ಗಂಟು ಅಂಗಡಿಯಲ್ಲಿ ಬಿಚ್ಚಬಾರದು, ನನ್ನ ಶೆಲ್ಫಿನಲ್ಲಿ ಬಿಚ್ಚಬಾರದು, ಡ್ರೈಯರ್‌ನ ಬಿಸಿಗೂ ಬಿಚ್ಚಬಾರದು, ಹೊಳೆಗೆ ಬಿದ್ದ ತಕ್ಷಣ ಬಿಚ್ಚಬೇಕು! ಇಂಥ ಗಂಟು ಕಟ್ಟುವವರ ತಲೆನೋವು ನನಗೆ ಅರ್ಥವಾಗುತ್ತದೆ. ಬಾಟ್ಲಿಯ ದ್ರವದಲ್ಲಿ ಅದನ್ನು ಕಾಯಲು ಪಿಎಚ್ ಅನ್ನು 3ರ ಆಸುಪಾಸು ಹುಳಿಯಾಗಿ ಇಟ್ಟಿರುತ್ತಾರೆ, ಅಲ್ಲಿ ಗಂಟು ಬಿಚ್ಚುವುದು ತೀರಾ ನಿಧಾನ. ಶೀಟಿನಲ್ಲಿ ನೀರೇ ಇಲ್ಲವಲ್ಲ, ಹಾಗಾಗಿ ಒಣಗಿದ್ದಷ್ಟು ದಿನ ಭದ್ರ. ನಾನು ಅದನ್ನು ಮನೆಯಲ್ಲೇ ಅತಿ ಬಿಸಿಯ, ಅತಿ ತೇವದ ಜಾಗದಲ್ಲಿ ಇಟ್ಟೆ. ಆದರೆ ಸ್ವಾಮಿ, ಡ್ರೈಯರ್ ಶೀಟನ್ನು ಡ್ರೈಯರ್ ಹತ್ತಿರ ಇಡದೆ ದೇವರ ಕೋಣೆಯಲ್ಲಿ ಇಡುತ್ತಾರಾ? ಪ್ಯಾಕೆಟ್ ಮೇಲೆ ಎಲ್ಲೂ ತಾರೀಖು ಇಲ್ಲ, ತಂಪು ಜಾಗದಲ್ಲಿಡಿ ಎಂಬ ಸಾಲೂ ಇಲ್ಲ. ಎಲೆ, ಭೂಮಿ, ಮೊಲದ ಚಿತ್ರಕ್ಕೆ ಮಾತ್ರ ಬೇಕಾದಷ್ಟು ಜಾಗ. ಕಂಪನಿಗೆ ಬರೆದೆ. ನಾಲ್ಕನೇ ದಿನ ಉತ್ತರ ಬಂತು, ಹೊಸ ಪ್ಯಾಕೆಟ್ಟೂ ಬಂತು. ಹೊಸದರ ಮೇಲೂ ತಾರೀಖು ಇಲ್ಲ.

ಇನ್ನೊಂದು ವಿಷಯ. ಈಗ ಮಾಮೂಲಿ ಶೀಟುಗಳಲ್ಲೂ ಹಚ್ಚುವ ಮೇಣ ಅನೇಕ ಸಲ ಎಸ್ಟರ್‌ಕ್ವಾಟೇ ಆಗಿರುತ್ತದೆ. ಕರಗದೆ ಉಳಿಯುವುದು ಹಾಳೆ, ಏಕೆಂದರೆ ಅದು ಪಾಲಿಯೆಸ್ಟರ್, ಪ್ಲಾಸ್ಟಿಕ್ಕಿನ ತಮ್ಮ. ಈ ಶೀಟಿನ ನಿಜವಾದ ಹೆಚ್ಚುಗಾರಿಕೆ ಇರುವುದು ಹಾಳೆಯಲ್ಲಿ. ಇದು ಗಿಡದ ನಾರಿನದು. ನಂಬಬೇಕಲ್ಲ, ಪರೀಕ್ಷೆ ಮಾಡಿದೆ. ಮೇ ಕೊನೆಯಲ್ಲಿ ಹಿತ್ತಲ ಬಸಳೆ ಪಾತಿಯಲ್ಲಿ ಬಳಸಿದ ಹೊಸ ಶೀಟು ಒಂದು, ಹಳೇ ಮಾಮೂಲಿ ಶೀಟು ಒಂದು ಹೂತಿಟ್ಟೆ, ಗುರುತಿಗೆ ಐಸ್‌ಕ್ರೀಂ ಕಡ್ಡಿ ನೆಟ್ಟೆ. ಸೆಪ್ಟೆಂಬರ್‌ನಲ್ಲಿ ಅಗೆದರೆ ಹೊಸದು ಹೆಬ್ಬೆರಳಿನಷ್ಟು ಉಳಿದಿತ್ತು, ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಮುದ್ದೆ. ಅದರ ಕೆಳಗೆ ಒಂದು ಎರೆಹುಳ. ಹಳೇದು ನಾಲ್ಕು ಮೂಲೆ ಸಮೇತ ಪೂರ್ತಿ ಎದ್ದುಬಂತು. ನಲ್ಲಿ ಕೆಳಗೆ ಹಿಡಿದು ಹಿಂಡಿದರೆ ಮತ್ತೆ ಬಳಸಬಹುದಿತ್ತು.

ಆದರೆ ನನ್ನ ಪಾತಿಯಲ್ಲಿ ಕರಗಿತು ಎಂದರೆ ಕಸದ ಗುಂಡಿಯಲ್ಲೂ ಕರಗುತ್ತದೆ ಎಂದಲ್ಲ. ಅಲ್ಲಿ ಗಾಳಿ ಇಲ್ಲ, ತೇವ ಕಮ್ಮಿ, ಎಲ್ಲ ಸುಮ್ಮನೆ ಕೂತಿರುತ್ತದೆ. ಜಾಹೀರಾತಿನಲ್ಲಿ ಮೋಸ ಆಗದಂತೆ ನೋಡಿಕೊಳ್ಳುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ: ಕಸದ ಗುಂಡಿಗೆ ಹೋಗುವ ಸಾಮಾನಿಗೆ ಬರೀ 'ಬಯೋಡಿಗ್ರೇಡಬಲ್' ಎಂದು ಬರೆಯಬೇಡಿ, ಹಾಗೆ ಬರೆಯಬೇಕಾದರೆ ಅದು ಎಸೆದ ಒಂದು ವರ್ಷದೊಳಗೆ ಪೂರ್ತಿ ಕರಗಬೇಕು ಎಂದು. ನನ್ನ ಪ್ಯಾಕೆಟ್ ಮೇಲೆ ಆ ಪದ ಮೂರು ಕಡೆ ಇದೆ, ಎಲ್ಲಿ ಹಾಕಿದರೆ ಕರಗುತ್ತದೆ ಎಂಬುದು ಒಂದು ಕಡೆಯೂ ಇಲ್ಲ.

ಬಳಸುವವರಿಗೆ ಒಂದೆರಡು ಮಾತು. ಟವೆಲ್ಲಿಗೆ ಯಾವ ಶೀಟೂ ಬೇಡ, ಜಿಡ್ಡು ಹತ್ತಿದ ಟವೆಲ್ ನೀರು ಹೀರುವುದಿಲ್ಲ, ಮೈ ಮೇಲೆ ಸುಮ್ನೆ ಜಾರುತ್ತದೆ. ಓಡುವಾಗ ಹಾಕುವ ಟೀಶರ್ಟಿಗೂ ಬೇಡ. ಬೆಂಕಿ ತಡೆಯುವ ಗುಣ ಇದೆ ಎಂದು ಚೀಟಿ ಇರುವ ಮಕ್ಕಳ ರಾತ್ರಿ ಉಡುಪಿಗಂತೂ ಹಾಕಲೇಬೇಡಿ, ಆ ಗುಣ ಕಮ್ಮಿಯಾಗುತ್ತದೆ. ಇನ್ನು ಡ್ರೈಯರ್‌ನ ನೂಲಿನ ಧೂಳು ಹಿಡಿಯುವ ಜಾಲರಿ ತೆಗೆದು ಅದರ ಮೇಲೆ ಒಂದು ಲೋಟ ನೀರು ಹೊಯ್ದು ನೋಡಿ. ನನ್ನದರಲ್ಲಿ ನೀರು ಕೆಸುವಿನೆಲೆ ಮೇಲಿನ ಹಾಗೆ ನಿಂತಿತ್ತು! ಹತ್ತು ವರ್ಷದ ಮೇಣ. ಗಾಳಿ ಆಡದೆ ಡ್ರೈಯರ್ ಸುಮ್ಮನೆ ಕರೆಂಟು ತಿನ್ನುತ್ತಿತ್ತು. ಬಿಸಿ ಸೋಪು ನೀರು, ಹಳೇ ಹಲ್ಲುಜ್ಜುವ ಬ್ರಷ್ಷು, ಹತ್ತು ನಿಮಿಷದ ಕೆಲಸ. ಹೊಸ ಶೀಟೂ ಈ ವಿಷಯದಲ್ಲಿ ಸಾಚಾ ಅಲ್ಲ, ಎರಡು ತಿಂಗಳಿಗೊಮ್ಮೆ ತೊಳೆಯಬೇಕು.

"ಉಣ್ಣೆ ಚೆಂಡು ಹಾಕಿ, ಶೀಟೇ ಬೇಡ" ಎಂದು ಕನ್ನಡ ಕೂಟದ ಗೆಳತಿಯೊಬ್ಬಳು ಆರು ಚೆಂಡು ಕೊಟ್ಟಿದ್ದಳು. ಬಟ್ಟೆ ಬೇಗ ಒಣಗುತ್ತದೆ, ನಿಜ. ಶಾಕ್ ಹೋಗುವುದಿಲ್ಲ. ಡಬಡಬ ಸದ್ದಿಗೆ ಮಗು ಏಳುತ್ತದೆ. ಈಗ ಆರರಲ್ಲಿ ನಾಲ್ಕು ಉಳಿದಿವೆ, ಎರಡು ಪಕ್ಕದ ಮನೆ ನಾಯಿಯ ಪಾಲು.

ಐದಕ್ಕೆ ಮೂರೂವರೆ ಕೊಡುತ್ತೇನೆ. ತಾರೀಖು ಮುದ್ರಿಸಿದ ದಿನ ಇನ್ನರ್ಧ ಸೇರಿಸುತ್ತೇನೆ. ಕೊಳ್ಳುವುದಾದರೆ ಒಂದೇ ಪ್ಯಾಕೆಟ್ ಕೊಳ್ಳಿ, ಆಫರ್ ಇದೆ ಎಂದು ಮೂರು ಹೊತ್ತು ತರಬೇಡಿ. ಬಿಚ್ಚಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಡ್ರೈಯರ್‌ನಿಂದ ದೂರ ಇಡಿ. ನನ್ನದು ಈಗ ಬೇಸ್‌ಮೆಂಟಿನಲ್ಲಿ, ಅಮ್ಮ ಚಕ್ಕುಲಿ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿಯಲ್ಲಿದೆ. ಮೇಲೆ ತಿಂಗಳು, ವರ್ಷ ಬರೆದ ಚೀಟಿ ಅಂಟಿಸಿದ್ದೇನೆ. ಮೊನ್ನೆ ಮಗಳು ಚಕ್ಕುಲಿ ಇರಬಹುದು ಎಂದು ಆಸೆಯಿಂದ ಮುಚ್ಚಳ ತೆಗೆದು, ಮೂಸಿ, ಮುಖ ಸಿಂಡರಿಸಿ ಹಾಗೇ ಮುಚ್ಚಿಟ್ಟಳು.